ಮೆತ್ತಿನ ದೀಪ

ನಾನು ಶಿರಸಿಯಲ್ಲಿ ಮದುವೆ, ಉಪನಯನದ ವಿಡಿಯೋ ಮಾಡುವವನು. ಹದಿಮೂರು ವರ್ಷದಿಂದ ಇದೇ ಕೆಲಸ. ಜೂನ್ ಕಾಲಿಟ್ಟರೆ ಮುಹೂರ್ತ ನಿಲ್ಲುತ್ತದೆ, ಕೆಲಸವೂ ನಿಲ್ಲುತ್ತದೆ. ಲೆನ್ಸಿಗೆ ಬೂಸ್ಟು ಹಿಡಿಯದ ಹಾಗೆ ಸಿಲಿಕಾ ಜೆಲ್ ಪೊಟ್ಟಣ ಬದಲಿಸುತ್ತಾ ಮಳೆ ನೋಡುತ್ತಾ ಕೂರಬೇಕು. ಅಂಥ ಒಂದು ಮಳೆಗಾಲದ ರಾತ್ರಿ ಗಿಯೆರ್ಮೊ ಡೆಲ್ ಟೋರೊ ಅವರ 'ಕ್ರಿಮ್ಸನ್ ಪೀಕ್' ನೋಡಿದೆ. 2015ರ ಚಿತ್ರ.

ನೋಡಿ ಮುಗಿಸಿದ ಮೇಲೆ ನಿದ್ದೆ ಬರಲಿಲ್ಲ. ಹೆದರಿಕೆಯಿಂದ ಅಲ್ಲ, ಆಸೆಯಿಂದ. ಬೆಟ್ಟದ ಮೇಲೆ ನಿಧಾನಕ್ಕೆ ನೆಲಕ್ಕಿಳಿಯುತ್ತಿರುವ ಒಂದು ದೊಡ್ಡ ಮನೆ. ಮಾಡು ಒಡೆದು ನಡುಮನೆಯೊಳಗೇ ಹಿಮ ಉದುರುತ್ತದೆ. ನೆಲದಡಿಯ ಕೆಂಪು ಜೇಡಿಮಣ್ಣು ಗೋಡೆಯಲ್ಲಿ ಒಸರುತ್ತದೆ, ಹೊರಗೆ ಹಿಮದ ಮೇಲೆ ರಕ್ತದ ಹಾಗೆ ಹರಡುತ್ತದೆ. ಆ ಮನೆಯ ಒಳಭಾಗವನ್ನು ಕಂಪ್ಯೂಟರಿನಲ್ಲಿ ಬಿಡಿಸಿದ್ದಲ್ಲ. ಟೊರೊಂಟೊದ ಸ್ಟುಡಿಯೋದಲ್ಲಿ ಮಹಡಿಯ ಮೇಲೆ ಮಹಡಿ ಇಟ್ಟು ನಿಜಕ್ಕೂ ಕಟ್ಟಿದ್ದರು.

ಬೆಳಿಗ್ಗೆ ಎದ್ದು ಹೊರಗೆ ಬಂದರೆ ಧರೆಯಿಂದ ಕೆಮ್ಮಣ್ಣಿನ ನೀರು ಇಳಿದು ನಮ್ಮ ಇಡೀ ಅಂಗಳ ಕೆಂಪಗಾಗಿತ್ತು. ಇದೆಲ್ಲ ನಮ್ಮಲ್ಲೇ ಇದೆಯಲ್ಲ ಅನ್ನಿಸಿತು. ಮಂಜು ಇದೆ, ಕೆಂಪು ಮಣ್ಣಿದೆ, ಹಳೇ ಮನೆಗಳಂತೂ ಬೇಕಾದಷ್ಟಿವೆ. ಒಂದು ಗಾಥಿಕ್ ಕಿರುಚಿತ್ರ, ಅಂದರೆ ಹಳೇ ಮನೆ, ಹಳೇ ಗುಟ್ಟು, ದೆವ್ವದ ಭಯ ಇರುವಂಥದ್ದು, ಮಾಡಿಯೇ ಬಿಡೋಣ ಎಂದು ಅವತ್ತೇ ತೀರ್ಮಾನಿಸಿದೆ.

ಮನೆ ಹುಡುಕಬೇಕಾಗಲಿಲ್ಲ. ನನ್ನ ಆಯಿಯ ಅಕ್ಕ, ನಮ್ಮ ದೊಡ್ಡಾಯಿ, ದೇವಿಮನೆ ಘಟ್ಟದ ಕಡೆ ಕುಮಟಾ ರಸ್ತೆಯಿಂದ ಒಳಗೆ ಒಂದು ಕಣಿವೆಯಲ್ಲಿ ಒಬ್ಬರೇ ಇದ್ದಾರೆ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ. ಕೆತ್ತನೆಯ ಮುಂಡಿಗೆ ಕಂಬ, ತಲೆ ತಗ್ಗಿಸಿ ದಾಟಬೇಕಾದ ಬಾಗಿಲು. ಮೇಲೆ ಮೆತ್ತು. ಮಹಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಬಚ್ಚಲುಮನೆಯ ಪಕ್ಕದ ಗೋಡೆ ಸೊಂಟದ ಎತ್ತರದವರೆಗೆ ನೀಲಿ. ಬಣ್ಣ ಬಳಿದದ್ದಲ್ಲ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಪ್ರತಿ ಮಳೆಗಾಲ ಅಲ್ಲೇ ಕಲಸುತ್ತಿದ್ದರು. ಒಂದು ಕೆಜಿ ನೀಲಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ನಲವತ್ತು ವರ್ಷ ಸಿಡಿದ ಹನಿಗಳು ಗೋಡೆಯಲ್ಲಿ ಹಾಗೇ ಕೂತಿವೆ. ಪಕ್ಕದಲ್ಲಿ ಹಸಿರು ಪಾಚಿ, ಕೆಳಗೆ ಕೆಂಪು ನೆಲ. ಯಾವ ಆರ್ಟ್ ಡೈರೆಕ್ಟರ್ ಇಂಥ ಗೋಡೆ ಮಾಡಿಯಾನು?

ಕೇಳಿದ್ದಕ್ಕೆ ದೊಡ್ಡಾಯಿ ಎರಡು ಮಾತಾಡಲಿಲ್ಲ. "ಅಡ್ಡಿಲ್ಲೆ ತಮಾ. ಮೆತ್ತಿನ ಮೇಲೆ ಅಡಕೆ ಚೀಲ ಇದ್ದು, ತುಳಿಯಡಿ ಮತ್ತೆ" ಎಂದರು. ಅಷ್ಟೇ.

ಕಥೆ ಬರೆಯಲು ನನಗೆ ಎರಡು ಸಂಜೆ ಸಾಕಾಯಿತು. ಇದನ್ನು ನೇರವಾಗಿ ಹೇಳಬೇಕು, ಯಾಕೆಂದರೆ ಬೆಳಕಿನ ಯೋಜನೆಗೆ ಎರಡು ತಿಂಗಳು ತೆಗೆದುಕೊಂಡಿದ್ದೆ. ಕಥೆ ಇಷ್ಟು: ಹೊಸ ಸೊಸೆ ಹಳೇ ಮನೆಗೆ ಬರುತ್ತಾಳೆ. ಮೆತ್ತಿನ ಮೇಲೆ ಒಂದು ಕೋಣೆಗೆ ಬೀಗ. ರಾತ್ರಿ ಸದ್ದು ಕೇಳುತ್ತದೆ. ಹತ್ತಿ ನೋಡುತ್ತಾಳೆ. ಅಲ್ಲಿ ಗಂಡನ ಮೊದಲ ಹೆಂಡತಿಯ ದೆವ್ವ. ಇದನ್ನು ನೀವು ಎಲ್ಲೋ ನೋಡಿದ್ದೀರಿ, ನಾನೂ ನೋಡಿದ್ದೆ. ಅದು ತಪ್ಪು ಅಂತ ಆಗ ಅನ್ನಿಸಲಿಲ್ಲ. ಕಥೆ ಅನ್ನುವುದು ಚಿತ್ರಗಳನ್ನು ನೇತುಹಾಕಲು ಒಂದು ಹಗ್ಗ, ಅಷ್ಟೇ ಅಂದುಕೊಂಡಿದ್ದೆ.

ಆದರೆ ಬಣ್ಣಕ್ಕೆ ಒಂದು ಇಡೀ ನೋಟ್‌ಬುಕ್ ತುಂಬಿಸಿದ್ದೆ. ತವರುಮನೆ ಅಂದರೆ ಬಂಗಾರದ ಬಣ್ಣ, ಗಂಡನ ಮನೆ ಅಂದರೆ ತಣ್ಣನೆ ನೀಲಿ. ಇದು ಡೆಲ್ ಟೋರೊ ಅವರಿಂದಲೇ ಎತ್ತಿದ್ದು. ಅವರ ಚಿತ್ರದಲ್ಲಿ ಅಮೆರಿಕದ ಭಾಗ ಹೊಂಬಣ್ಣ, ಇಂಗ್ಲೆಂಡಿನ ಭಾಗ ನೀಲಿ. ಸೊಸೆಯ ಸೀರೆ ದಿನದಿಂದ ದಿನಕ್ಕೆ ಬಿಳಿಚಬೇಕು ಎಂದು ನಾಲ್ಕು ಸೀರೆ ಕೊಂಡೆ. ಯಾಣಕ್ಕೂ ಹೋದೆವು. 120 ಮೀಟರ್ ಎತ್ತರದ ಆ ಕಪ್ಪು ಬಂಡೆ ಮೋಡದೊಳಗೆ ನಿಂತಿದ್ದನ್ನು ಕೆಳಗಿನಿಂದ ಹಿಡಿದೆ. ಅದೇ ಚಿತ್ರದ ಮೊದಲ ಶಾಟ್ ಆಯಿತು. ಬಂಡೆಗೂ ಕಥೆಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಜುಲೈ ತಿಂಗಳಲ್ಲಿ ಆರು ರಾತ್ರಿ ಶೂಟಿಂಗ್. ನಾವು ಐದು ಜನ. ಮಲೆನಾಡಿನ ಮಳೆಯಲ್ಲಿ ಕ್ಯಾಮೆರಾ ಹಿಡಿದವರಿಗೆ ಗೊತ್ತು ಕಷ್ಟ ಏನು ಅಂತ. ಬೆಚ್ಚಗಿನ ಅಡುಗೆಮನೆಯಲ್ಲಿಟ್ಟ ಕ್ಯಾಮೆರಾಕ್ಕೆ ಏನೂ ಆಗಿರುವುದಿಲ್ಲ. ತಣ್ಣನೆ ಲೆನ್ಸ್ ಹಿಡಿದು ಅಂಗಳದಿಂದ ಒಳಗೆ ಹೋದಿರೋ, ಗಾಜು ಮಂಜಾಗಿ ಇಪ್ಪತ್ತು ನಿಮಿಷ ಏನೂ ಕಾಣುವುದಿಲ್ಲ. ಒರೆಸಿದರೆ ಮತ್ತೆ ಮಂಜು. ಸುಮ್ನೆ ಕಾಯಬೇಕು. ರಾತ್ರಿ ಎರಡು ಸಲವಾದರೂ ಕರೆಂಟ್ ಹೋಗುತ್ತಿತ್ತು. ಎಲ್‌ಇಡಿ ಪ್ಯಾನೆಲ್‌ಗಳನ್ನು ಅಡಿಕೆ ದಬ್ಬೆಗೆ ಕಟ್ಟಿ ಕಿಟಕಿಯ ಹೊರಗೆ ನಿಲ್ಲಿಸಿ, ಮೇಲೆ ತಾಡಪಾಲು ಹೊದೆಸಿ, ಬೆಳದಿಂಗಳು ಮಾಡಿದೆವು. ಹೊಗೆಗೆ ಬಾಣಲೆಯಲ್ಲಿ ಕೆಂಡ, ಮೇಲೆ ಲೋಭಾನ. ಮೆತ್ತಿನ ಹಲಗೆಯ ಸಂದಿಯಿಂದ ನೀಲಿ ಬೆಳಕು ಹೊಗೆಯೊಳಗೆ ಗೆರೆ ಗೆರೆಯಾಗಿ ಇಳಿದಾಗ ನಾನು ಮಾನಿಟರ್ ಮುಂದೆ ಕೈ ಮುಗಿದುಬಿಟ್ಟೆ. ಕಾಲಿಗೆ ಉಂಬಳ ಹತ್ತಿದ್ದೇ ಗೊತ್ತಾಗಲಿಲ್ಲ.

ಒಂದು ರಾತ್ರಿ ಪೂರ್ತಿ ಒಂದು ನೆರಳಿಗೆ ಹೋಯಿತು. 1992ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ ಮಾಡಿದ ಡ್ರಾಕುಲಾದಲ್ಲಿ ಮುದಿ ಕೌಂಟ್ ಒಂದು ಮಾಡುತ್ತಿದ್ದರೆ ಗೋಡೆಯ ಮೇಲಿನ ಅವನ ನೆರಳು ಇನ್ನೊಂದು ಮಾಡುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಬೇಡ, ಹಳೇ ಕಾಲದ ಕ್ಯಾಮೆರಾ ತಂತ್ರಗಳೇ ಸಾಕು ಎಂದು ಪಟ್ಟು ಹಿಡಿದು ತೆಗೆದ ಚಿತ್ರ ಅದು. ನನಗೂ ಅಂಥ ನೆರಳು ಬೇಕಿತ್ತು. ಸೊಸೆ ಕೂತಿರುತ್ತಾಳೆ, ನೆರಳು ಎದ್ದು ನಿಲ್ಲುತ್ತದೆ. ನನ್ನ ಭಾವನನ್ನು ಪಂಚೆಯ ಹಿಂದೆ ನಿಲ್ಲಿಸಿ, ದೀಪವನ್ನು ಹಿಂದೆ ಮುಂದೆ ಸರಿಸಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಸಿಕ್ಕಿತು. ಅದು ಯಾಕೆ ಎದ್ದು ನಿಲ್ಲುತ್ತದೆ ಅನ್ನುವುದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಸೊಸೆಯ ಪಾತ್ರ ಮಾಡಿದವಳು ಹೆಗ್ಗೋಡಿನಲ್ಲಿ ನಾಟಕ ಕಲಿತು ಬಂದ ಹುಡುಗಿ. ಎರಡನೇ ರಾತ್ರಿ ಅವಳು ಕೇಳಿದಳು. "ಸರ್, ಇವಳು ಈ ಮನೆಗೆ ಬಂದು ಎಷ್ಟು ದಿನ ಆಯ್ತು? ಅತ್ತೆ ಹತ್ರ ಮಾತಾಡ್ತಾಳಾ?"

"ಅದೆಲ್ಲ ಬೇಡ. ಆ ಬೆಳಕಿಗೆ ಮುಖ ಕೊಟ್ಟು ನಿಂತುಕೊಳ್ಳಿ, ಸಾಕು" ಎಂದೆ.

ಅವಳು ಮತ್ತೆ ಏನೂ ಕೇಳಲಿಲ್ಲ. ಆರು ರಾತ್ರಿ ಹೇಳಿದ ಕಡೆ ಮುಖ ತಿರುಗಿಸಿದಳು. ಇದನ್ನು ನೆನೆದರೆ ಈಗಲೂ ನನಗೆ ಬೇಜಾರಾಗುತ್ತದೆ.

ಇಪ್ಪತ್ತೆರಡು ನಿಮಿಷದ ಚಿತ್ರ ಸಿದ್ಧವಾಯಿತು. ಚೌತಿಗೆ ಎಲ್ಲರೂ ಊರಿಗೆ ಬಂದಿದ್ದರು. ಬೆಂಗಳೂರಿನವರು, ಹುಬ್ಬಳ್ಳಿಯವರು, ಆಚೆಮನೆಯವರು, ಎಲ್ಲ ಸೇರಿ ಮೂವತ್ತು ಜನ. ದೊಡ್ಡಾಯಿ ಮನೆಯ ಜಗುಲಿಯಲ್ಲೇ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿದೆ. ಗಣಪತಿಯ ಮಂಟಪದ ಪಕ್ಕದಲ್ಲಿ ದೆವ್ವದ ಸಿನಿಮಾ ಯಾಕೆ ಎಂದು ಯಾರೋ ಗೊಣಗಿದರು, ಆದರೂ ಕೂತರು.

"ಅದು ನಮ್ಮನೆ ಮೆತ್ತಲ್ದಾ!" "ಬಚ್ಚಲ ಗೋಡೆ ಎಷ್ಟು ಚೊಲೋ ಕಾಣ್ತು!" "ಇದು ಇಲ್ಲೇ ತೆಗ್ದಿದ್ದಾ?" ಹೀಗೇ ನಡೆಯಿತು. ದೆವ್ವ ಬಂದಾಗ ಒಬ್ಬ ಹುಡುಗ ಬೆಚ್ಚಿದ. ಅದೂ ಸದ್ದಿಗೆ. ಚಿತ್ರ ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮದುವೆ ವಿಡಿಯೋ ನೋಡಿ ಹೇಗೆ ಹೊಗಳುತ್ತಾರೋ ಹಾಗೇ ಹೊಗಳಿದರು. ಸೀರೆ ಚೆನ್ನಾಗಿದೆ, ಡ್ರೋನ್ ಚೆನ್ನಾಗಿದೆ. ಆ ಸೊಸೆಗೆ ಕೊನೆಗೆ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ.

ಕೇಳಿದವರು ದೊಡ್ಡಾಯಿ ಮಾತ್ರ. ಎಲ್ಲರೂ ಎದ್ದ ಮೇಲೆ ಪಂಚಕಜ್ಜಾಯದ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತರು. "ತಮಾ, ಆ ಕೂಸು ರಾತ್ರಿ ಮೆತ್ತಿಗೆ ಎಂತಕ್ಕೆ ಹೋತು?" ಹುಡುಗಿಗೆ ನಮ್ಮ ಕಡೆ ಕೂಸು ಅನ್ನುತ್ತಾರೆ.

"ಸದ್ದು ಕೇಳ್ತಲೆ ದೊಡ್ಡಾಯಿ."

"ಸದ್ದು ಕೇಳಿರೆ ಬಾಗಿಲು ಹಾಕ್ಕಂಡು ಮಲಗ್ತು. ಹೋಪಲೆ ಎಂತಾರೂ ಬೇಕಲಿ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೇಳಿದರು. "ಆ ಕೂಸು ಒಂದ್ಸಲವೂ ಉಂಡಿದ್ದು ಕಂಡಿದ್ದಿಲ್ಲೆ."

ಪಕ್ಕದಲ್ಲಿ ಊರಿನ ಹಿರಿಯ ಮಾವ ಒಬ್ಬರು ಕವಳ ಹಾಕುತ್ತಿದ್ದರು. ತಾಳಮದ್ದಳೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುವವರು. ಅವರು ತಲೆಯೆತ್ತದೆ ಅಂದರು. "ವೇಷ ಭರ್ಜರಿ ಇದ್ದು ಮಾರಾಯ. ಅರ್ಥ ಇಲ್ಲೆ."

ಯಕ್ಷಗಾನದ ಊರಿನಲ್ಲಿ ಹುಟ್ಟಿದವನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ತೆರೆಯ ಹಿಂದಿನಿಂದ ಕಿರೀಟವಷ್ಟೇ ತೋರಿಸಿ, ಅಬ್ಬರಿಸಿ, ತೆರೆ ಸರಿಸಿ ಬಂದಾಗ ಮಕ್ಕಳೆಲ್ಲ ತಾಯಂದಿರ ಸೆರಗಿಗೆ ಸೇರುತ್ತಿದ್ದೆವು. ಅದು ವೇಷದ ಶಕ್ತಿ. ಆದರೆ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ರಂಗಕ್ಕೆ ಬಂದರೆ ಮಧ್ಯರಾತ್ರಿಯಲ್ಲೂ ಯಾರಿಗೂ ತೂಕಡಿಕೆ ಬರುತ್ತಿರಲಿಲ್ಲ. ಅದು ಬರೀ ಕಿರೀಟದಿಂದಲ್ಲ. ಆ ಮನುಷ್ಯನಿಗೆ ಏನು ಬೇಕು ಅನ್ನುವುದು ಅವರ ಕಣ್ಣಿನಲ್ಲಿ, ಹೆಜ್ಜೆಯಲ್ಲಿ ಗೊತ್ತಾಗುತ್ತಿತ್ತು. ಇನ್ನು ತಾಳಮದ್ದಳೆಯಲ್ಲಿ ವೇಷವೇ ಇಲ್ಲ. ಪಂಚೆ ಉಟ್ಟು ಚಾಪೆಯ ಮೇಲೆ ಕೂತವರು ಬರೀ ಮಾತಿನಲ್ಲಿ ಕುರುಕ್ಷೇತ್ರ ತೋರಿಸುತ್ತಾರೆ.

ಹಾಗಂತ 'ಕಥೆಯೇ ಮುಖ್ಯ, ಚಿತ್ರದ ಚೆಲುವೆಲ್ಲ ಸುಮ್ನೆ ಶೋಕಿ' ಅನ್ನುವವರ ಜತೆ ನಾನು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಗಾಥಿಕ್ ಹುಟ್ಟಿದ್ದೇ ಹಾಗೆ. 1764ರಲ್ಲಿ ಹೊರೇಸ್ ವಾಲ್ಪೋಲ್ ಬರೆದ ಮೊದಲ ಗಾಥಿಕ್ ಕಾದಂಬರಿಯಲ್ಲಿ ಮದುವೆಯ ದಿನ ಮನೆ ಅಳತೆಯ ಒಂದು ಲೋಹದ ಶಿರಸ್ತ್ರಾಣ ಬಿದ್ದು ಮದುಮಗ ಸಾಯುತ್ತಾನೆ. ಎಂಥ ದೃಶ್ಯ! ಆದರೆ ಅದು ಬೀಳುವುದು ಸುಮ್ನೆ ಅಲ್ಲ. ಮುತ್ತಜ್ಜ ಮೋಸದಿಂದ ಹೊಡೆದುಕೊಂಡ ಕೋಟೆ ಅದು, ಆ ಪಾಪ ಮರಿಮಗನ ತಲೆಯ ಮೇಲೆ ಬೀಳುತ್ತದೆ. 1920ರ 'ಡಾಕ್ಟರ್ ಕ್ಯಾಲಿಗರಿ' ಜರ್ಮನ್ ಚಿತ್ರದಲ್ಲಿ ಗೋಡೆ, ಬೀದಿ, ಕಿಟಕಿ ಎಲ್ಲವೂ ಸೊಟ್ಟ. ನೆರಳನ್ನೂ ಬಣ್ಣದಲ್ಲಿ ಬರೆದಿದ್ದಾರೆ. ಕೊನೆಗೆ ಗೊತ್ತಾಗುತ್ತದೆ, ಕಥೆ ಹೇಳುತ್ತಿದ್ದವನು ಹುಚ್ಚಾಸ್ಪತ್ರೆಯಲ್ಲಿ ಇರುವವನು. ಆ ಊರು ಸೊಟ್ಟಗಿದ್ದದ್ದು ಅವನ ಕಣ್ಣಿಗೆ. ಕೊಪ್ಪೊಲ ಅವರ ನೆರಳೂ ಅಷ್ಟೇ. ಕೌಂಟ್ ಮೇಲೆ ಮರ್ಯಾದೆಯ ಮಾತಾಡುತ್ತಾನೆ, ಒಳಗೆ ಮುಚ್ಚಿಟ್ಟದ್ದನ್ನು ನೆರಳು ಹೇಳಿಬಿಡುತ್ತದೆ. ನನ್ನ ನೆರಳು ಎದ್ದು ನಿಂತಿತ್ತು ಅಷ್ಟೇ. ಅದಕ್ಕೆ ಹೇಳಲು ಏನೂ ಇರಲಿಲ್ಲ.

ಇದೆಲ್ಲ ಆ ಚೌತಿಯ ರಾತ್ರಿ ಹೊಳೆದದ್ದಲ್ಲ. ಮೊದಲು ಎರಡು ವಾರ ಯಾರ ಹತ್ತಿರವೂ ಮಾತಾಡದೆ ಇದ್ದೆ. ಆಮೇಲೆ ನೋಡಿದ ಚಿತ್ರಗಳನ್ನೇ ಮತ್ತೆ ನೋಡಲು ಕೂತೆ. ಈ ಸಲ ಬಣ್ಣದ ನೋಟ್‌ಬುಕ್ ಹಿಡಿಯಲಿಲ್ಲ. ಒಂದೇ ಪ್ರಶ್ನೆ ಇಟ್ಟುಕೊಂಡೆ, ದೊಡ್ಡಾಯಿ ಕೇಳಿದ್ದು: ಇವಳು ಅಲ್ಲಿಗೆ ಎಂತಕ್ಕೆ ಹೋದಳು?

'ಕ್ರಿಮ್ಸನ್ ಪೀಕ್'ನಲ್ಲಿ ಮೊದಲ ಸಲ ನಾನು ಗೋಡೆ ನೋಡಿದ್ದೆ, ಮೆಟ್ಟಿಲು ನೋಡಿದ್ದೆ. ಎರಡನೇ ಸಲ ನಾದಿನಿ ಲುಸಿಲ್ ಕೈಯಲ್ಲಿದ್ದ ಬೀಗದ ಕೈ ಗೊಂಚಲು ಕಂಡಿತು. ಹೊಸ ಹೆಂಡತಿ ನನಗೂ ಒಂದು ಗೊಂಚಲು ಬೇಕು ಎಂದು ಕೇಳುತ್ತಾಳೆ. ಲುಸಿಲ್ ಕೊಡುವುದಿಲ್ಲ. ಮನೆ ಯಾರದು ಎಂಬ ಇಡೀ ಜಗಳ ಆ ಗೊಂಚಲಿನಲ್ಲಿ ಇದೆ. ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿದ ಅತ್ತೆಯನ್ನು ಕಂಡ ನಮ್ಮ ಕಡೆಯ ಯಾವ ಹೆಂಗಸಿಗೂ ಇದು ತಟ್ಟನೆ ಗೊತ್ತಾಗುತ್ತದೆ. ಆ ಚಿತ್ರದ ಕಥೆ ತೆಳು ಅನ್ನುವವರಿದ್ದಾರೆ. ಸ್ವಲ್ಪ ನಿಜ. ಮುಂದೆ ಏನಾಗುತ್ತದೆ ಅನ್ನುವುದು ಬೇಗ ಗೊತ್ತಾಗಿಬಿಡುತ್ತದೆ. ಆದರೆ ಲುಸಿಲ್ ತೆಳು ಅಲ್ಲ. ಆ ಪಾತ್ರ ಮಾಡಿದ ಜೆಸ್ಸಿಕಾ ಚಾಸ್ಟೇನ್ ಬಂದು ನಿಂತರೆ ಆ ಮನೆಗೆ ಜೀವ ಬರುತ್ತದೆ. ಅವಳಿಲ್ಲದ ದೃಶ್ಯಗಳಲ್ಲಿ ಅದು ಚೆಂದದ ಸೆಟ್, ಅಷ್ಟೇ. ನಾನು ಸೆಟ್ ಮಾತ್ರ ಕದ್ದುಕೊಂಡು ಬಂದಿದ್ದೆ.

ಇನ್ನೊಂದು, ಹಿಚ್‌ಕಾಕ್ ಅವರ 1940ರ 'ರೆಬೆಕ್ಕಾ'. ಅಲ್ಲೂ ಹೊಸ ಹೆಂಡತಿ, ದೊಡ್ಡ ಮನೆ, ಸತ್ತುಹೋದ ಮೊದಲ ಹೆಂಡತಿ. ನನ್ನದೇ ಕಥೆ. ಆದರೆ ಸತ್ತ ರೆಬೆಕ್ಕಾಳನ್ನು ಒಂದೇ ಒಂದು ಫ್ರೇಮಿನಲ್ಲೂ ತೋರಿಸಿಲ್ಲ. ದೆವ್ವವೂ ಇಲ್ಲ. ದಿಂಬಿನ ಮೇಲೆ ಕಸೂತಿ ಹಾಕಿದ ಅವಳ ಹೆಸರಿನ ಮೊದಲ ಅಕ್ಷರ ಇದೆ. ಮನೆಗೆಲಸದ ಮುಖ್ಯಸ್ಥೆ ಮಿಸೆಸ್ ಡ್ಯಾನ್ವರ್ಸ್ ಅವಳ ತೆಳು ರಾತ್ರಿ ಉಡುಪಿನೊಳಗೆ ಕೈ ತೂರಿಸಿ, ನೋಡು ನನ್ನ ಕೈ ಕಾಣುತ್ತದೆ ಎಂದು ತೋರಿಸುತ್ತಾಳೆ. ಬದುಕಿರುವವಳಿಗೆ ಚಿತ್ರದುದ್ದಕ್ಕೂ ಒಂದು ಹೆಸರೂ ಇಲ್ಲ, ಸತ್ತವಳ ಹೆಸರು ಮನೆ ತುಂಬ. ಆ ಚಿತ್ರಕ್ಕೆ ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರದ ಜತೆಗೆ ಛಾಯಾಗ್ರಹಣದ ಪ್ರಶಸ್ತಿಯೂ ಬಂತು. ನೋಟ, ಪಾತ್ರ ಎರಡೂ ಒಂದೇ ಕಡೆ ಎಳೆಯುತ್ತಿದ್ದವು. ನನ್ನ ಚಿತ್ರದಲ್ಲಿ ನೋಟ ಒಂದು ಕಡೆ ಓಡಿತ್ತು, ಹುಡುಗಿ ಅಲ್ಲೇ ನಿಂತಿದ್ದಳು.

ದೀಪಾವಳಿ ಕಳೆದ ಮೇಲೆ ಕ್ಯಾಮೆರಾ ಇಲ್ಲದೆ ದೊಡ್ಡಾಯಿ ಮನೆಗೆ ಹೋಗಿ ನಾಲ್ಕು ದಿನ ಇದ್ದೆ. ಏನಾದರೂ ಹುಡುಕಬೇಕೆಂದಲ್ಲ, ಅಡಿಕೆ ಸುಲಿಯಲು ಜನ ಬೇಕಿತ್ತು. ಮೊದಲ ಸಂಜೆಯೇ ಕಂಡದ್ದು ಇದು. ಏಳು ಗಂಟೆಗೆ ಸರಿಯಾಗಿ ದೊಡ್ಡಾಯಿ ಕೆಲಸ ಬಿಟ್ಟು ಎದ್ದರು. ಮೊಣಕಾಲು ನೋವು ಬೇರೆ. ಒಂದೊಂದೇ ಮೆಟ್ಟಿಲು, ಹಗ್ಗ ಹಿಡಿದುಕೊಂಡು, ಎರಡೂ ಕಾಲು ಒಂದೇ ಮೆಟ್ಟಿಲ ಮೇಲೆ ಇಟ್ಟು, ಮತ್ತೆ ಮುಂದಿನದು. ಹದಿನಾಲ್ಕು ಮೆಟ್ಟಿಲು. ಮೇಲೆ ಹೋಗಿ ಒಂದು ಬಲ್ಬ್ ಹಾಕಿದರು. ಇಳಿದು ಬಂದರು.

"ಮೇಲೆ ಯಾರೂ ಇಲ್ಲೆ, ಲೈಟ್ ಎಂತಕ್ಕೆ ದೊಡ್ಡಾಯಿ?"

"ಆಚೆಮನೆಯವ್ಕೆ ಕಾಣವು ಹೇಳಿ. ಅಲ್ಲಿಂದ ಮೆತ್ತಿನ ಕಿಟಕಿ ಒಂದೇ ಕಾಣ್ತು. ಲೈಟ್ ಬಿದ್ರೆ ಆನು ಆರಾಮ ಇದ್ದಿ ಹೇಳಿ ಲೆಕ್ಕ. ಬಿದ್ದಿಲ್ಲೆ ಅಂದ್ರೆ ಫೋನ್ ಮಾಡ್ತ. ಎತ್ತದಿದ್ರೆ ಬತ್ತ."

ಕಣಿವೆಯ ಆಚೆ ಬದಿಯಲ್ಲಿ ಒಂದೇ ಮನೆ. ನಡುವೆ ತೋಟ, ಹಳ್ಳ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ, ದೊಡ್ಡಪ್ಪ ಹೋದ ಮೇಲೆ, ಎರಡೂ ಮನೆಯವರು ಮಾಡಿಕೊಂಡ ಏರ್ಪಾಡು ಅದು. ನಾನು ಕೈಯಲ್ಲಿದ್ದ ಅಡಿಕೆ ಹಿಡಿದುಕೊಂಡೇ ಕೂತೆ. ರಾತ್ರಿ ಒಬ್ಬಳು ಹೆಂಗಸು ಯಾಕೆ ಮೆತ್ತು ಹತ್ತುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಅದೇ ಮನೆಯಲ್ಲಿ, ನಾನು ಆರು ರಾತ್ರಿ ಶೂಟಿಂಗ್ ಮಾಡಿದ ಮನೆಯಲ್ಲೇ, ಅವರು ಪ್ರತಿ ರಾತ್ರಿ ಹತ್ತುತ್ತಿದ್ದರು. ನಮ್ಮ ಲೈಟುಗಳ ನಡುವೆ ಅವರ ಬಲ್ಬನ್ನು ನಾನೇ ಎರಡು ಸಲ ಆರಿಸಿದ್ದೆ, ಬಣ್ಣ ಹೊಂದುವುದಿಲ್ಲ ಎಂದು. ಆ ಎರಡು ರಾತ್ರಿ ಆಚೆಮನೆಯಿಂದ ಫೋನ್ ಬಂದಿದ್ದು ಆಗ ನೆನಪಾಯಿತು.

ದೊಡ್ಡಾಯಿಯ ಒಪ್ಪಿಗೆ ಕೇಳಿ, ಹೊಸ ಕಥೆ ಅಲ್ಲಿಂದಲೇ ಎತ್ತಿದೆ. ಬರೆಯಲು ಐದು ತಿಂಗಳು ಹಿಡಿಯಿತು. ಮಾತುಗಳನ್ನು ನೋಡಿಕೊಡಲು ತಾಳಮದ್ದಳೆ ಮಾವನ ಬಳಿ ಮೂರು ಸಲ ಹೋದೆ. ಅವರು ಸೇರಿಸಿದ್ದಕ್ಕಿಂತ ಹೊಡೆದುಹಾಕಿದ್ದೇ ಜಾಸ್ತಿ.

ಈಗ ಕಥೆ ಹೀಗಿದೆ. ಗಂಡ ಊರಲ್ಲಿಲ್ಲ. ಅತ್ತೆ, ಸೊಸೆ ಇಬ್ಬರೇ. ಅತ್ತೆ ಪ್ರತಿ ಸಂಜೆ ಮೆತ್ತಿನ ದೀಪ ಹಾಕುತ್ತಾಳೆ. ಸೊಸೆಗೆ ಹಾಕಲು ಬಿಡುವುದಿಲ್ಲ, ಅದು ತನ್ನ ಕೆಲಸ. ಹಾಸಿಗೆ ಹಿಡಿದ ಮೇಲೆ ಒಂದೇ ಮಾತು ಹೇಳುತ್ತಾಳೆ, "ದೀಪ ಮರೆಯಡ." ಅತ್ತೆ ಸಾಯುತ್ತಾಳೆ. ಸೊಸೆ ಹಾಕಲು ಶುರುಮಾಡುತ್ತಾಳೆ. ಒಂದು ಸಂಜೆ ಬಚ್ಚಲಿನ ಪಾಚಿಯ ಮೇಲೆ ಜಾರಿ ಬೀಳುತ್ತಾಳೆ, ಏಳಲು ಆಗುವುದಿಲ್ಲ. ಏಳು ಗಂಟೆ ಆಗುತ್ತದೆ. ಅವಳಿಗೆ ಭಯವಿಲ್ಲ. ದೀಪ ಬೀಳದಿದ್ದರೆ ಆಚೆಮನೆಯವರು ಬಂದೇ ಬರುತ್ತಾರೆ. ಆಗ ಮೆತ್ತಿನ ಮೇಲೆ ದೀಪ ಹೊತ್ತಿಕೊಳ್ಳುತ್ತದೆ.

ಅತ್ತೆ ಕೆಟ್ಟವಳಾ, ಒಳ್ಳೆಯವಳಾ? ನಟಿ ಇದನ್ನೇ ಕೇಳಿದಳು. ಈ ಸಲ ನಾನು ಅವಳ ಜತೆ ಕೂತು ಮಾತಾಡಿದೆ. ಅಭ್ಯಾಸಬಲದಿಂದ ಬಂದು ದೀಪ ಹಾಕುವ ಮುದುಕಿ ಅವಳು, ಸೊಸೆ ಬಿದ್ದದ್ದು ಅವಳಿಗೆ ಗೊತ್ತೇ ಇಲ್ಲ ಎಂದು ನಟಿಯೇ ಹೇಳಿದಳು. ಕೇಳಿ ನನಗೆ ಮೈ ಜುಮ್ಮೆಂದಿತು. ಇಡೀ ಮೊದಲ ಚಿತ್ರದಲ್ಲಿ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ.

ಮತ್ತೆ ಮಳೆ ಬರುವ ತನಕ ಕಾದೆವು. ಮುಂದಿನ ಜುಲೈನಲ್ಲಿ ಮೂರೇ ರಾತ್ರಿ. ಹಳೆಯದರಲ್ಲಿ ಉಳಿಸಿಕೊಂಡದ್ದು ಒಂದೇ ಶಾಟ್. ಆಚೆ ಬದಿಯಿಂದ ತೆಗೆದದ್ದು, ಮಂಜಿನ ನಡುವೆ ಮನೆಯ ಕಪ್ಪು ಆಕಾರ, ಮೇಲೊಂದು ಬೆಳಕಿನ ಚೌಕ. ಮೊದಲ ಚಿತ್ರದಲ್ಲಿ ಅದು ನಾಲ್ಕು ಸೆಕೆಂಡ್ ಇತ್ತು, ಪೋಸ್ಟ್‌ಕಾರ್ಡಿನ ಹಾಗೆ. ಈಗ ಹದಿನೆಂಟು ಸೆಕೆಂಡ್ ಇಟ್ಟೆ. ಒಂದು ಚುಕ್ಕೆ ಬಣ್ಣವನ್ನೂ ಬದಲಿಸಲಿಲ್ಲ. ಆಚೆಮನೆಯ ಗಂಡಸು ಜಗುಲಿಯಿಂದ ಅದನ್ನು ನೋಡಿ, ಸಮಾಧಾನದಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಅದೇ ಕೊನೆ.

ಯಾಣದ ಬಂಡೆ ಹೋಯಿತು. ನೆರಳು ಹೋಯಿತು. ಭಾವ ಒಂದು ದಿನ ಮುಖ ಊದಿಸಿಕೊಂಡಿದ್ದ, ಪಾಪ. ನೀಲಿ ಬೆಳದಿಂಗಳು ಹೋಯಿತು. ನೀಲಿ ಗೋಡೆ ಮಾತ್ರ ಉಳಿಯಿತು, ಆದರೆ ಈಗ ಸೊಸೆ ಬಿದ್ದಾಗ ಅವಳ ಕೆನ್ನೆಯ ಪಕ್ಕ ಇರುವುದು ಅದೇ ಗೋಡೆ. ಅವಳು ಏಳಲು ಉಗುರಿನಿಂದ ಕೆರೆಯುತ್ತಾಳೆ. ಮೈಲುತುತ್ತದ ನೀಲಿ ಪುಡಿ ಉಗುರಿನಲ್ಲಿ ಸೇರುತ್ತದೆ. ಅದನ್ನು ತೀರಾ ಹತ್ತಿರದಿಂದ ತೆಗೆದೆ.

ಊಟವನ್ನೂ ತೆಗೆದೆವು. ಅತ್ತೆ ಸತ್ತ ಮೇಲಿನ ರಾತ್ರಿಗಳಲ್ಲಿ ಸೊಸೆ ಒಲೆಯ ಪಕ್ಕ ನಿಂತುಕೊಂಡೇ ಅಪ್ಪೆಹುಳಿ ಅನ್ನ ಉಣ್ಣುತ್ತಾಳೆ. ಕೂತು ಉಣ್ಣಲು ಜತೆಗೆ ಯಾರೂ ಇಲ್ಲವಲ್ಲ. ಇದು ನಾನು ಬರೆದದ್ದಲ್ಲ, ನಟಿ ಅಲ್ಲೇ ಮಾಡಿದ್ದು. ಮೆಟ್ಟಿಲು ಹತ್ತುವುದನ್ನೂ ಅವಳೇ ಯೋಚಿಸಿ ಇಟ್ಟುಕೊಂಡಿದ್ದಳು. ಮೊದಲ ದಿನ ಓಡಿ ಹತ್ತುತ್ತಾಳೆ. ಹತ್ತನೇ ದಿನಕ್ಕೆ ಅತ್ತೆಯ ಹಾಗೇ ಎರಡೂ ಕಾಲು ಒಂದೇ ಮೆಟ್ಟಿಲಿನ ಮೇಲೆ ಇಟ್ಟು ಹತ್ತುತ್ತಾಳೆ. ಎಡಿಟಿಂಗ್ ಮಾಡುವಾಗ ನನಗೆ ಇದು ಗೊತ್ತಾಯಿತು, ಶೂಟಿಂಗಿನಲ್ಲಿ ಗಮನಿಸಿರಲಿಲ್ಲ.

ಧ್ವನಿ ಮಾತ್ರ ಇನ್ನೂ ಸರಿಯಿಲ್ಲ. ಹಂಚಿನ ಮೇಲಿನ ಮಳೆ ಎರಡು ಕಡೆ ಮಾತನ್ನು ನುಂಗಿದೆ. ಅದನ್ನು ಮತ್ತೆ ಮಾಡಬೇಕು.

ಈ ಸಲವೂ ಚೌತಿಗೆ ಅದೇ ಜಗುಲಿ, ಅದೇ ಪಂಚೆ. ಸಂಜೆ ಆರೂವರೆಗೆ ಶುರುಮಾಡಬೇಕು ಎಂದುಕೊಂಡದ್ದು ಆರತಿ ಮುಗಿಯುವಾಗ ಏಳಾಯಿತು. ಹದಿನಾರು ನಿಮಿಷದ ಚಿತ್ರ. ಇದು ನಮ್ಮನೆ ಮೆತ್ತು ಎಂದು ಮೊದಲ ಎರಡು ನಿಮಿಷ ಯಾರೋ ಪಿಸುಗುಟ್ಟಿದರು, ಆಮೇಲೆ ಇಲ್ಲ. ದೀಪ ಹೊತ್ತಿಕೊಂಡಾಗ ನನ್ನ ಹಿಂದೆ ಕೂತಿದ್ದ ಅತ್ತಿಗೆ "ಅಯ್ಯೋ, ಬೇಡ, ಬೇಡ" ಎಂದರು. ಪರದೆಯ ಮೇಲಿನ ದೀಪಕ್ಕೆ ಹೇಳಿದ್ದು.

ಮುಗಿದ ಮೇಲೆ ಚಪ್ಪಾಳೆ ಬರಲಿಲ್ಲ. ಆಚೆಮನೆಯ ಗಂಡ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದರು. ದೊಡ್ಡಾಯಿ ಗೋಡೆಯ ಗಡಿಯಾರ ನೋಡಿದರು. ಏಳೂಕಾಲು ದಾಟಿತ್ತು. ಕಂಬ ಹಿಡಿದು ಎದ್ದರು.

"ಎಲ್ಲಿಗೆ ದೊಡ್ಡಾಯಿ?"

"ಲೈಟ್ ಹಾಕಿದ್ದಿಲ್ಲೆ."

"ಆಚೆಮನೆಯವು ಇಲ್ಲೇ ಇದ್ವಲೆ!"

"ಇರ್ಲಿ" ಎಂದು ಒಳಗೆ ಹೋದರು. ಒಂದೊಂದೇ ಮೆಟ್ಟಿಲಿನ ಸದ್ದು ಕೇಳತೊಡಗಿತು. ಮೂವತ್ತು ಜನ ಕೂತಿದ್ದೆವು. ಯಾರೂ ಮಾತಾಡಲಿಲ್ಲ. ಹದಿನಾಲ್ಕನೇ ಮೆಟ್ಟಿಲು ಆದ ಮೇಲೆ ಅಂಗಳದ ಕೆಂಪು ನೀರಿನ ಮೇಲೆ ಕಿಟಕಿಯ ಬೆಳಕು ಬಿತ್ತು. ಆಚೆಮನೆಯವರು ಇಬ್ಬರೂ ತಲೆಯೆತ್ತಿ ನೋಡಿದರು.